ಘಾಟು ಬೇರೆ, ವಾಸನೆ ಬೇರೆ: ಮೂಗು ಕೈಕೊಟ್ಟವರನ್ನು ಪರೀಕ್ಷಿಸುವ ಬಗೆ

“ಹಾಲು ಸೀದು ಪಾತ್ರೆ ಕರಕಲಾಗೋ ತನಕ ನಂಗೆ ಗೊತ್ತೇ ಆಗ್ಲಿಲ್ಲ ಡಾಕ್ಟ್ರೇ.”

ಬಿಪಿ ಮಾತ್ರೆಗೆ ಅಂತ ಬಂದಿದ್ದ ಅಮ್ಮ ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡು, ಬಾಗಿಲ ತನಕ ಹೋಗಿ, ತಿರುಗಿ ನಿಂತು ಹೇಳಿದ ಮಾತಿದು. ಜೊತೆಗಿದ್ದ ಸೊಸೆ ನಕ್ಕಳು. “ಒಂದು ವರ್ಷದಿಂದ ಹಿಂಗೇ. ಅತ್ತೆ ಸಾರಿಗೆ ಹಿಂಗು ಹಾಕಿದ್ರೆ ನಮಗೆ ಬಾಯಿಗೆ ಇಡೋಕಾಗಲ್ಲ.”

ವಾಸನೆಯ ತೊಂದರೆ ಹೀಗೆ ಬಾಗಿಲ ಹತ್ತಿರವೇ ಹೊರಬರುವುದು. ಕಣ್ಣು ಮಂಜಾದರೆ, ಕಿವಿ ಮಂದವಾದರೆ ಅದಕ್ಕೇ ಅಂತ ಬರುತ್ತಾರೆ. ಮೂಗಿಗೆ ವಾಸನೆ ಬರದಿದ್ದರೆ ಅದೂ ಒಂದು ಕಾಯಿಲೆಯಾ ಅಂತ ಸುಮ್ಮನಿರುತ್ತಾರೆ. ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ರೋಗಿಗಳನ್ನು ನೋಡುವವನು. ಹಳ್ಳಿಗೆ ಹೊಸದಾಗಿ ಬಂದ ಡಾಕ್ಟರುಗಳಿಗೆ, ನರ್ಸ್‌ಗಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಉಳಿದವರೂ ಓದಬಹುದು. ನಿಮ್ಮನ್ನು ಪರೀಕ್ಷೆ ಮಾಡುವಾಗ ಏನೇನು ಕೇಳಬೇಕು, ಏನೇನು ನೋಡಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

“ವಾಸನೆ ಬರುತ್ತಾ?” ಅಂತ ಕೇಳಿ, “ಬರ್ತದೆ” ಅಂದ ಕೂಡಲೇ ಮುಂದಕ್ಕೆ ಹೋಗುವವರೇ ಜಾಸ್ತಿ. ನಾನೂ ಹಾಗೇ ಮಾಡುತ್ತಿದ್ದೆ. ಅದು ಪರೀಕ್ಷೆ ಅಲ್ಲ. ನಿಧಾನಕ್ಕೆ ಕಡಿಮೆಯಾದ ವಾಸನೆ ಕಳೆದುಕೊಂಡವರಿಗೇ ಗೊತ್ತಿರುವುದಿಲ್ಲ. ಆ ಅಮ್ಮನೂ “ಬರ್ತದೆ, ಸ್ವಲ್ಪ ಕಮ್ಮಿ” ಅಂದಿದ್ದರು. ಆಮೇಲೆ ಕಾಫಿ, ಏಲಕ್ಕಿಯಂಥ ವಾಸನೆಯ 8 ಡಬ್ಬಿ ಮೂಸಿಸಿ ನೋಡಿದರೆ ಸರಿ ಹೇಳಿದ್ದು 2. ನಾಲ್ಕರಲ್ಲಿ ಒಂದು ಆರಿಸಿ ಅಂತ ಕೇಳಿದಾಗ, ಏನೂ ಮೂಸದೆ ಸುಮ್ನೆ ಊಹೆ ಮಾಡಿದರೂ ಅಷ್ಟೇ ಬರುತ್ತದೆ.

ಮೊದಲು: ಮೂಗಾ, ನಾಲಿಗೆಯಾ?

“ಬಾಯಿಗೆ ರುಚಿಯೇ ಇಲ್ಲ” ಅಂತ ಬರುವವರಲ್ಲಿ ಬಹುಪಾಲು ಜನರ ನಾಲಿಗೆ ಸರಿಯಾಗೇ ಇರುತ್ತದೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಉಪ್ಪು, ಹುಳಿ, ಕಹಿ, ಜೊತೆಗೆ ಉಮಾಮಿ ಅಂತ ಕರೆಯುವ, ಅಣಬೆ ಸಾರಿನಂಥ ಒಂದು ರುಚಿ. ಉಳಿದಿದ್ದೆಲ್ಲ ಮೂಗಿನದು. ಅಗಿಯುವಾಗ ಗಂಟಲ ಹಿಂದಿನಿಂದ ಗಾಳಿ ಮೂಗಿಗೆ ಏರುತ್ತದಲ್ಲ, ಅಪ್ಪೆಮಿಡಿಯ ಪರಿಮಳ ತಿಳಿಯುವುದು ಆ ದಾರಿಯಲ್ಲಿ. ಮೂಗು ಕೆಟ್ಟವರಿಗೆ ಅಪ್ಪೆಮಿಡಿಯೂ ಒಂದೇ, ಪೇಟೆಯ ಯಾವುದೋ ಉಪ್ಪಿನಕಾಯಿಯೂ ಒಂದೇ. ಉಪ್ಪು, ಹುಳಿ, ಖಾರ, ಅಷ್ಟೇ.

ಹಾಗಾಗಿ ಒಂದು ಚೂರು ಬೆಲ್ಲದ ಜೊತೆ ನಾಲ್ಕು ಏಲಕ್ಕಿ ಕಾಳು ಕೊಡಿ. ಮೂಗು ಬಿಗಿಯಾಗಿ ಹಿಡಿದುಕೊಂಡು ಅಗಿಯಲು ಹೇಳಿ. ಸಿಹಿ ಗೊತ್ತಾಗುತ್ತದೆ. ಈಗ ಮೂಗು ಬಿಡಲಿ. ಸರಿ ಇರುವವರಿಗೆ ಏಲಕ್ಕಿ ಘಮ್ಮಂತ ಬರುತ್ತದೆ, ಕೆಲವರು ಹುಬ್ಬು ಹಾರಿಸುತ್ತಾರೆ. ಸಿಹಿ ಗೊತ್ತಾಗಿ, ಮೂಗು ಬಿಟ್ಟ ಮೇಲೂ ಏನೂ ಬದಲಾಗದಿದ್ದರೆ ತೊಂದರೆ ಮೂಗಿನದು. ಸಿಹಿ, ಉಪ್ಪೇ ತಿಳಿಯದಿದ್ದರೆ ದಾರಿ ಬೇರೆ: ಬಾಯಿ ಒಣಗುತ್ತಿದೆಯಾ, ಮುಖದ ಒಂದು ಪಕ್ಕ ಸೊಟ್ಟಗಾಗಿತ್ತಾ, ಕಿವಿಯ ಆಪರೇಷನ್ ಆಗಿತ್ತಾ, ಮೆಟ್ರೊನಿಡಜೋಲ್‌ನಂಥ ಮಾತ್ರೆ ನುಂಗುತ್ತಿದ್ದಾರಾ ಅಂತ ನೋಡಬೇಕು.

ಆಮೇಲೆ: ಕಥೆ ಪೂರ್ತಿ ಕೇಳಿ

ಮನೆಯವರೊಬ್ಬರು ಪಕ್ಕದಲ್ಲಿರಲಿ. ಸೊಸೆ ಹೇಳದಿದ್ದರೆ ಹಿಂಗಿನ ವಿಷಯ ನನಗೆ ಗೊತ್ತಾಗುತ್ತಿರಲಿಲ್ಲ.

ಮೊದಲ ಪ್ರಶ್ನೆ: ಏನಾಗಿದೆ? ಪೂರ್ತಿ ಹೋಗಿದೆಯಾ, ಕಡಿಮೆಯಾಗಿದೆಯಾ, ಒಂದು ವಾಸನೆ ಇನ್ನೊಂದರ ಹಾಗೆ ಬರುತ್ತಿದೆಯಾ, ಇಲ್ಲದ ವಾಸನೆ ಬರುತ್ತಿದೆಯಾ? ಈ ನಾಲ್ಕನ್ನೂ ಜನ “ವಾಸನೆ ಸರಿ ಇಲ್ಲ” ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಕಾಫಿ ಮೂಸಿದರೆ ಸುಟ್ಟ ರಬ್ಬರ್ ಅನ್ನಿಸುತ್ತದೆ, ಈರುಳ್ಳಿ ಒಗ್ಗರಣೆ ಕೊಳೆತ ಹಾಗಿರುತ್ತದೆ ಅಂದರೆ ಅದು ಮೂರನೆಯದು. ವೈರಸ್ ಜ್ವರ, ಶೀತ ಆದ ಕೆಲವು ವಾರ, ತಿಂಗಳುಗಳ ಮೇಲೆ ಹೀಗಾಗುವುದು ಉಂಟು. ಹುಚ್ಚು ಹಿಡಿದಿದೆಯಾ ಅಂತ ಹೆದರಿದವರಿಗೆ ಇದಕ್ಕೊಂದು ಹೆಸರಿದೆ, ನರ ಮತ್ತೆ ಬೆಳೆಯುವಾಗ ಹೀಗೆ ಆಗುತ್ತದೆ ಅಂತ ಹೇಳಿದರೇ ಅರ್ಧ ಸಮಾಧಾನ.

ಇಲ್ಲದ ವಾಸನೆ ಬರುತ್ತದೆ ಅಂದವರಿಗೆ ಇನ್ನೂ ಎರಡು ಪ್ರಶ್ನೆ: ಪ್ರತಿ ಸಲವೂ ಅದೇ ವಾಸನೆಯಾ? ಅರ್ಧ ನಿಮಿಷ, ಒಂದು ನಿಮಿಷ ಬಂದು ಹೋಗುತ್ತಾ? ಆ ಹೊತ್ತಿಗೆ ಮಂಕಾಗಿ ದಿಟ್ಟಿಸುತ್ತಾರೆ, ತುಟಿ ಚಪ್ಪರಿಸುತ್ತಾರೆ ಅಂತ ಮನೆಯವರು ಹೇಳಿದರೆ ಅದು ಮೂರ್ಛೆ ರೋಗದ ಒಂದು ಬಗೆ ಇರಬಹುದು. ಮೂಗಿಗೆ ಔಷಧಿ ಹಾಕುತ್ತಾ ಕೂರಬೇಡಿ.

ಎರಡನೆಯ ಪ್ರಶ್ನೆ: ಯಾವಾಗಿಂದ, ಹೇಗೆ? ಒಂದೇ ದಿನದಲ್ಲಿ ಹೋಯಿತು ಅಂದರೆ ವೈರಸ್ ಇಲ್ಲವೇ ಪೆಟ್ಟು. 2020ರಲ್ಲಿ ಕೋವಿಡ್ ಬಂದಾಗ ಮೂಗು ಕಟ್ಟದೇ ವಾಸನೆ ಹೋಗಿದ್ದು ಎಲ್ಲರಿಗೂ ನೆನಪಿದೆ. ವರ್ಷಗಟ್ಟಲೆ ನಿಧಾನಕ್ಕೆ ಹೋಯಿತು ಅಂದರೆ ಮೂಗಿನೊಳಗಿನ ದುರ್ಮಾಂಸ, ವಯಸ್ಸು, ಮಿದುಳಿನ ಕಾಯಿಲೆ ಎಲ್ಲವೂ ಪಟ್ಟಿಗೆ ಬರುತ್ತವೆ.

ಮೂರನೆಯದನ್ನು ಮರೆಯಲೇಬೇಡಿ: ನಡುವೆ ಯಾವತ್ತಾದರೂ ವಾಪಸ್ ಬಂದಿತ್ತಾ? ಹಾಲು ಸೀಯಿಸಿದ ಆ ಅಮ್ಮನಿಗೆ ಇದನ್ನು ಕೇಳಿದಾಗ ಸ್ವಲ್ಪ ಯೋಚಿಸಿ ಹೇಳಿದರು: “ಮಳೆಗಾಲದಲ್ಲಿ ದಮ್ಮು ಜಾಸ್ತಿ ಆಗಿತ್ತಲ್ಲ, ಆವಾಗ ಐದು ದಿನ ಮಾತ್ರೆ ಕೊಟ್ಟಿದ್ರು. ಆ ವಾರ ಕಾಫಿ ಘಮ್ಮಂತಿತ್ತು ಮಾರಾಯ್ರೆ. ಆಮೇಲೆ ಮತ್ತೆ ಇಲ್ಲ.” ಆ ಮಾತ್ರೆ ಸ್ಟಿರಾಯ್ಡ್. ಬಂದು ಹೋಗುವ ವಾಸನೆ ಅಂದರೆ ನರ ಸತ್ತಿಲ್ಲ, ಗಾಳಿಯ ದಾರಿ ಮುಚ್ಚಿದೆ ಅಂತ ಅರ್ಥ. ದಮ್ಮು ಬೇರೆ ಇದೆ. ಮೂಗಿನಲ್ಲಿ ದುರ್ಮಾಂಸ ಇದ್ದೇ ಇರಬೇಕು ಅಂತ ನನಗೆ ಆಗಲೇ ಅನ್ನಿಸಿತು. ದಮ್ಮು, ದುರ್ಮಾಂಸ ಎರಡೂ ಇರುವವರಲ್ಲಿ ಕೆಲವರಿಗೆ ಆಸ್ಪಿರಿನ್, ಬ್ರೂಫೆನ್ ತರದ ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುತ್ತದೆ. ಕೇಳಿ, ಕಾರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ.

ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಕೇಳದೆ ಯಾರೂ ಹೇಳುವುದಿಲ್ಲ. ವಾಸನೆಯ ನರದ ಎಳೆಗಳು ಮೂಗಿನ ಮಾಡಿನಲ್ಲಿ ಜರಡಿಯಂಥ ತೆಳು ಮೂಳೆಯ ತೂತುಗಳಲ್ಲಿ ತೂರಿ ಮಿದುಳಿಗೆ ಹೋಗುತ್ತವೆ. ಅಡಿಕೆ ಮರದಿಂದಲೋ ಬೈಕಿನಿಂದಲೋ ಬಿದ್ದು ತಲೆಯ ಹಿಂಭಾಗ ನೆಲಕ್ಕೆ ಬಡಿದರೆ, ಒಳಗೆ ಮಿದುಳು ಜರುಗಿ ಈ ಎಳೆಗಳು ತುಂಡಾಗುತ್ತವೆ. ಸ್ಕ್ಯಾನ್ ನಾರ್ಮಲ್ ಅಂತಲೇ ಬರಬಹುದು. ಪೆಟ್ಟಾದ ಮೇಲೆ ಒಂದೇ ಹೊಳ್ಳೆಯಿಂದ ತಿಳಿ ನೀರು ಸುರಿಯುತ್ತಿದ್ದರೆ, ಬಗ್ಗಿದಾಗ ಜಾಸ್ತಿಯಾದರೆ, ಅದು ಶೀತ ಅಲ್ಲ, ಮಿದುಳಿನ ಸುತ್ತಲಿನ ನೀರು. ಅವತ್ತೇ ಕಳಿಸಿ.

ಉಳಿದವು ಬೇಗ ಮುಗಿಯುತ್ತವೆ. ನಶ್ಯ, ಬೀಡಿ. ಪೇಂಟು, ಥಿನ್ನರ್, ಗದ್ದೆಗೆ ತೋಟಕ್ಕೆ ಹೊಡೆಯುವ ಔಷಧಿ. ಮೂಗಿನ ಆಪರೇಷನ್, ತಲೆಗೆ ವಿಕಿರಣ ಚಿಕಿತ್ಸೆ. ಅಂಗಡಿಯಿಂದ ತಂದು ವರ್ಷಗಟ್ಟಲೆ ಹಾಕಿಕೊಳ್ಳುವ ಮೂಗಿನ ಡ್ರಾಪ್ಸ್. ಅದನ್ನು ಕೆಲವೇ ದಿನ ಹಾಕಬೇಕು, ಇಲ್ಲದಿದ್ದರೆ ಅದೇ ಮೂಗು ಕಟ್ಟಿಸುತ್ತದೆ. ಕೆಲಸ ಏನು ಅಂತಲೂ ಕೇಳಿ. ಅಡಿಗೆ ಭಟ್ಟರಿಗೆ ಮೂಗು ಹೋದರೆ ಅನ್ನವೇ ಹೋದ ಹಾಗೆ.

“ನಂಗೆ ಹುಟ್ಟಿದಾಗಿಂದ್ಲೂ ಇಲ್ಲ” ಅನ್ನುವ ಹುಡುಗ, ಹುಡುಗಿ ಸಿಕ್ಕರೆ ಮೀಸೆ ಬಂದಿದೆಯಾ, ಮುಟ್ಟು ಶುರುವಾಗಿದೆಯಾ ಅಂತ ವಿಚಾರಿಸಿ. ಕಾಲ್ಮನ್ ಸಿಂಡ್ರೋಮ್‌ನಲ್ಲಿ ವಾಸನೆಯೂ ಇರುವುದಿಲ್ಲ, ಮೈನೆರೆಯುವುದೂ ತಡವಾಗುತ್ತದೆ. ಅದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ.

ಮೂಗಿನೊಳಗೆ ಒಂದು ನೋಟ

ತಲೆಗೆ ಕಟ್ಟುವ ಲೈಟು, ಮೂಗು ಅಗಲಿಸುವ ಸ್ಪೆಕ್ಯುಲಮ್ ಸಾಕು. ಮೊದಲು ತಣ್ಣಗಿನ ಸ್ಟೀಲ್ ಪಟ್ಟಿಯನ್ನು ಹೊಳ್ಳೆಗಳ ಕೆಳಗೆ ಹಿಡಿದು ಎರಡೂ ಕಡೆ ಮಂಜು ಕೂರುತ್ತದಾ ನೋಡಿ. ದುರ್ಮಾಂಸ ಸಿಪ್ಪೆ ಸುಲಿದ ದ್ರಾಕ್ಷಿ ಹಾಗೆ, ಬಿಳಿಚಿಕೊಂಡು ಹೊಳೆಯುತ್ತದೆ. ಮುಟ್ಟಿದರೆ ನೋವಿಲ್ಲ. ಅದರ ಪಕ್ಕದಲ್ಲೇ ಇರುವ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯಿಂದ ಚಾಚಿದ, ಎಲ್ಲರಿಗೂ ಇರುವ ಉಬ್ಬು) ಕೆಂಪು, ಮುಟ್ಟಿದರೆ ಹೌಹಾರುತ್ತಾರೆ. ಹೊಸಬರು ಇವೆರಡನ್ನೂ ಕಲಸಿಕೊಳ್ಳುತ್ತಾರೆ.

ಮೂಗಿನ ತುಂಬ ಒಣಗಿದ ಹಸಿರು ಹೊಪ್ಪಳೆ, ಒಳಗೆಲ್ಲ ಅಗಲವಾದ ಗುಹೆಯ ಹಾಗೆ, ರೋಗಿ ಒಳಗೆ ಬಂದ ಕೂಡಲೇ ನಿಮಗೆ ನಾತ, ಅವರಿಗೆ ಮಾತ್ರ ಏನೂ ಗೊತ್ತಿಲ್ಲ. ಇದು ಅಟ್ರೋಫಿಕ್ ರೈನೈಟಿಸ್, ಮೂಗಿನ ಒಳಪೊರೆ ಸವೆದು ಒಣಗುವ ಕಾಯಿಲೆ. “ಮನೆಯಲ್ಲಿ ಯಾರೂ ಪಕ್ಕ ಕೂರಲ್ಲ” ಅಂತ ತಲೆ ತಗ್ಗಿಸಿ ಹೇಳುತ್ತಾರೆ. ನೀವು ಮುಖ ಹಿಂದಕ್ಕೆ ತೆಗೆಯಬೇಡಿ, ದಯವಿಟ್ಟು.

ಒಂದೇ ಹೊಳ್ಳೆಯ ತೊಂದರೆಗೆ ಜಾಸ್ತಿ ಎಚ್ಚರ ಬೇಕು. ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಹುಣಸೆ ಬೀಜವನ್ನೋ ಗುಂಡಿಯನ್ನೋ ಹುಡುಕಿ. ಹಳ್ಳದ ನೀರಿಗೆ ಬಾಯಿ ಹಚ್ಚಿ ಕುಡಿದವರ ಮೂಗಿನಲ್ಲಿ ಜಿಗಣೆ ಸೇರಿಕೊಂಡು ರಕ್ತ ಸುರಿಯುವುದುಂಟು. ಇದು ಕಾಡಿನಲ್ಲಿ ಕಾಲಿಗೆ ಹತ್ತುವ ಇಂಬಳ ಅಲ್ಲ, ನೀರಿನದು. ಕೆರೆಯಲ್ಲಿ ಮೀಯುವವರ ಮೂಗಲ್ಲಿ ಕೆಂಪಗೆ, ಮೇಲೆಲ್ಲ ಬಿಳಿ ಚುಕ್ಕೆ ಇರುವ, ಮುಟ್ಟಿದರೆ ರಕ್ತ ಬರುವ ಗಡ್ಡೆ ಕಂಡರೆ ರೈನೋಸ್ಪೊರಿಡಿಯೋಸಿಸ್ ಅನ್ನುವ ಸೋಂಕು ನೆನಪಿರಲಿ. ದೊಡ್ಡವರಲ್ಲಿ ಒಂದೇ ಕಡೆ ಗಡ್ಡೆ, ರಕ್ತ ಅಂದರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗುವ ತನಕ ಬಿಡಬೇಡಿ. ಗಡ್ಡೆಯ ಚೂರು ಕತ್ತರಿಸುವ ಸಾಹಸ ಮಾತ್ರ ಹಳ್ಳಿಯಲ್ಲಿ ಬೇಡ. ಮಕ್ಕಳಲ್ಲಂತೂ ಅದು ಕೆಳಗೆ ಜಾರಿದ ಮಿದುಳಿನ ಪೊರೆಯೇ ಆಗಿರಬಹುದು.

ಲೈಟು ಹಾಕಿ ನೋಡಿದಾಗ ಏನೂ ಕಾಣದಿದ್ದರೆ ಮೂಗು ಸರಿ ಇದೆ ಅಂತ ಬರೆಯಬೇಡಿ. ವಾಸನೆ ಹಿಡಿಯುವ ಜಾಗ ಮೇಲೆ, ಸಂದಿಯಲ್ಲಿದೆ. ಅಮ್ಮನ ಮೂಗಿನಲ್ಲೂ ನನಗೆ ಏನೂ ಕಾಣಲಿಲ್ಲ. ಎಂಡೋಸ್ಕೋಪ್, ಅಂದರೆ ಮೂಗಿನೊಳಗೆ ತೂರಿಸಿ ನೋಡುವ ಸಣ್ಣ ದುರ್ಬೀನು, ಬೇಕಾಯಿತು.

ಡಬ್ಬಿಗಳ ಕೆಲಸ

ಈಗ ಮುಖ್ಯ ವಿಷಯ. ಅಮೆರಿಕದಲ್ಲಿ 1984ರಿಂದ ಒಂದು ಪ್ರಸಿದ್ಧ ಪರೀಕ್ಷೆ ಇದೆ, ಉಪ್ಸಿಟ್ ಅಂತ. ಉಜ್ಜಿ ಮೂಸುವ 40 ಹಾಳೆ. ಜರ್ಮನಿಯಲ್ಲಿ ಸ್ನಿಫಿನ್ ಸ್ಟಿಕ್ಸ್ ಅನ್ನುವ ಪೆನ್ನುಗಳಿವೆ, 48 ಅಂಕಕ್ಕೆ. ಎರಡೂ ಒಳ್ಳೆಯವೇ. ಆದರೆ ಉಪ್ಸಿಟ್‌ನಲ್ಲಿ ಪಿಜ್ಜಾ ಇದೆ, ರೂಟ್ ಬಿಯರ್ ಇದೆ. ಆಗುಂಬೆ ಕಡೆಯ ಅಜ್ಜನಿಗೆ ರೂಟ್ ಬಿಯರ್ ಮೂಸಿಸಿ ಫೇಲ್ ಮಾಡಿದರೆ ತಪ್ಪು ಅಜ್ಜನದಲ್ಲ, ಅಲ್ವಾ? ವಾಸನೆ ಗುರುತಿಸಲು ಮೂಗು ಮಾತ್ರ ಸಾಲದು, ಪರಿಚಯವೂ ಬೇಕು. ಹಾಗಾಗಿ ನಮ್ಮ ಡಬ್ಬಿ ನಮ್ಮ ಅಡಿಗೆಮನೆಯಿಂದ.

ನನ್ನ ಹತ್ತಿರ ಇರುವುದು ಒಳಗಿರುವುದು ಕಾಣದ 10 ಸಣ್ಣ ಡಬ್ಬಿ. ಕಾಫಿ ಪುಡಿ, ಏಲಕ್ಕಿ, ಲವಂಗ, ಜೀರಿಗೆ, ಹಿಂಗು, ನಿಂಬೆ ಸಿಪ್ಪೆ, ಶ್ರೀಗಂಧ, ಬೆಳ್ಳುಳ್ಳಿ. ಇನ್ನೆರಡರಲ್ಲಿ ಬರೀ ಹತ್ತಿ. ಮೇಲೆ ಹೆಸರಿಲ್ಲ, ತಳದಲ್ಲಿ ನಂಬರ್. ನಿಂಬೆ, ಬೆಳ್ಳುಳ್ಳಿ ಅವತ್ತವತ್ತೇ ಹಾಕಬೇಕು. ಮಿಕ್ಕಿದ್ದನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಿಸುತ್ತೇನೆ. ಒಂದು ಜುಲೈನಲ್ಲಿ ಸಾಲಾಗಿ ನಾಲ್ಕು ಜನ ಕಾಫಿ ತಪ್ಪು ಹೇಳಿದಾಗ ನಾನೇ ಮೂಸಿದೆ. ಬರೀ ಮುಗ್ಗಲು.

ಏನು ಇಡಬಾರದು ಅನ್ನುವುದು ಇನ್ನೂ ಮುಖ್ಯ. ಮೊದಮೊದಲು ನಾನು ನೀಲಗಿರಿ ಎಣ್ಣೆ, ಕರ್ಪೂರ, ವಿಕ್ಸ್ ಮೂಸಿಸುತ್ತಿದ್ದೆ. ಎಲ್ಲರೂ “ಹಾಂ, ಬಂತು” ಅನ್ನುತ್ತಿದ್ದರು. ವಾಸನೆ ಸರಿ ಇದೆ ಅಂತ ಬರೆದು ಕಳಿಸುತ್ತಿದ್ದೆ. ತಪ್ಪು. ನಮ್ಮ ಭಾಷೆಯಲ್ಲೇ ಇದಕ್ಕೆ ಉತ್ತರ ಇತ್ತು, ನನಗೆ ಹೊಳೆದಿರಲಿಲ್ಲ. ಘಾಟು ಬೇರೆ, ವಾಸನೆ ಬೇರೆ. ಒಣಮೆಣಸು ಹುರಿದಾಗ ಮೂಗು ಉರಿಯುತ್ತದಲ್ಲ, ಅದನ್ನು ಮಿದುಳಿಗೆ ಒಯ್ಯುವುದು ಮುಖದ ಸ್ಪರ್ಶ, ನೋವು ಒಯ್ಯುವ ಐದನೇ ನರ. ವಾಸನೆಯದು ಒಂದನೇ ನರ. ಒಂದನೇ ನರ ಪೂರ್ತಿ ಸತ್ತವರಿಗೂ ಅಮೋನಿಯಾ ಹಿಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ವಿಕ್ಸ್, ಅಮೃತಾಂಜನ, ಕರ್ಪೂರ, ನೀಲಗಿರಿ, ಹಸಿ ಈರುಳ್ಳಿ ಡಬ್ಬಿಗೆ ಬೇಡ. ಅಮೋನಿಯಾದಿಂದ ಇನ್ನೊಂದು ಉಪಯೋಗ ಉಂಟು. ಅಪಘಾತದ ಪರಿಹಾರಕ್ಕೆ ಅಂತ ಬಂದವರು “ಅಮೋನಿಯಾನೂ ಗೊತ್ತಾಗಲ್ಲ” ಅಂದರೆ, ಒಂದೋ ಐದನೇ ನರವೂ ಹೋಗಿರಬೇಕು, ಇಲ್ಲ ಮಾತು ನಿಜ ಇರಲಿಕ್ಕಿಲ್ಲ.

ಮೂಸಿಸುವ ಕ್ರಮ ಹೀಗೆ. ಕಾಲು ಗಂಟೆ ಮೊದಲಿಂದ ನೀರು ಬಿಟ್ಟು ಬೇರೇನೂ ತಿನ್ನುವುದು, ಕುಡಿಯುವುದು ಬೇಡ. ಎಲೆ ಅಡಿಕೆ ಹಾಕಿದ್ದರೆ ಬಾಯಿ ಮುಕ್ಕಳಿಸಿ ಬರಲಿ. ನಿಮ್ಮ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಿರಬಾರದು. ರೋಗಿ ಕಣ್ಣು ಮುಚ್ಚಿ, ಒಂದು ಹೊಳ್ಳೆ ಬೆರಳಿಂದ ಒತ್ತಿ ಹಿಡಿಯಲಿ. ಡಬ್ಬಿ ತೆಗೆದು ಇನ್ನೊಂದು ಹೊಳ್ಳೆಯ ಕೆಳಗೆ ಎರಡು ಬೆರಳು ದೂರದಲ್ಲಿ ಮೂರು ಸೆಕೆಂಡು. ಮೊದಲ ಪ್ರಶ್ನೆ: “ಏನಾದ್ರೂ ಬಂತಾ?” ಆಮೇಲೆ ನಾಲ್ಕು ಹೆಸರು ಹೇಳಿ ಒಂದನ್ನು ಆರಿಸಲು ಹೇಳಿ. “ಏನೂ ಬರಲಿಲ್ಲ” ಅಂದರೂ ಒಂದನ್ನು ಆರಿಸಲೇಬೇಕು. ಅರ್ಧ ನಿಮಿಷ ಬಿಟ್ಟು ಮುಂದಿನ ಡಬ್ಬಿ. ಆಗಾಗ ಹತ್ತಿಯ ಡಬ್ಬಿ ಹಿಡಿಯಿರಿ. ಬರೀ ಹತ್ತಿಗೂ “ಆಹಾ, ಏಲಕ್ಕಿ” ಅನ್ನುವವರು ಸಿಗುತ್ತಾರೆ. ಡಾಕ್ಟರಿಗೆ ಬೇಜಾರಾಗಬಾರದು ಅಂತ.

ಹೊಳ್ಳೆ ಹೊಳ್ಳೆ ಬೇರೆಯಾಗಿ ಯಾಕೆ? ಒಂದು ಕಡೆ ಪೂರ್ತಿ ಹೋದರೂ ಇನ್ನೊಂದು ಕಡೆ ಇಡೀ ಕೆಲಸ ಮಾಡುತ್ತಿರುತ್ತದೆ, ರೋಗಿಗೆ ತಿಳಿಯುವುದಿಲ್ಲ. ಮಿದುಳಿನ ತಳದಲ್ಲಿ ಬೆಳೆಯುವ ಮೆನಿಂಜಿಯೋಮಾದಂಥ ಗಡ್ಡೆ ಒಂದು ಬದಿಯಿಂದ ಶುರುವಾಗಬಹುದು.

ಡಬ್ಬಿ ಇಲ್ಲದ ದಿನ ಇಂಜೆಕ್ಷನ್‌ಗೆ ಒರೆಸುವ ಸ್ಪಿರಿಟ್ ಹತ್ತಿ ಸಾಕು. ಕಣ್ಣು ಮುಚ್ಚಿಸಿ ಮೂಗಿನಿಂದ 30 ಸೆಂ.ಮೀ. ಕೆಳಗೆ ಹಿಡಿದು, ಅವರು ಉಸಿರು ಬಿಟ್ಟಾಗಲೆಲ್ಲ 1 ಸೆಂ.ಮೀ. ಮೇಲಕ್ಕೆ ತನ್ನಿ. ಮೂಗು ಸರಿ ಇರುವವರಿಗೆ ಸುಮಾರು ಒಂದು ಗೇಣು ದೂರದಲ್ಲೇ ಗೊತ್ತಾಗುತ್ತದೆ. ಮೂಗಿನ ಬುಡಕ್ಕೆ ತಂದಾಗ “ಉರಿ” ಅಂದರೆ ಅದು ಮತ್ತೆ ಘಾಟೇ, ಲೆಕ್ಕಕ್ಕಿಲ್ಲ.

ಮೂಗಿನಾಚೆ

ಮೂಗು ಕಟ್ಟಿಲ್ಲ, ಶೀತ ಇಲ್ಲ, ಪೆಟ್ಟಿಲ್ಲ, 60 ದಾಟಿದವರು. ಆಗ ಅವರನ್ನು ಕೋಣೆಯಲ್ಲಿ ಒಂದು ಸುತ್ತು ನಡೆಸಿ. ಒಂದು ಕೈ ಬೀಸುತ್ತಿಲ್ಲವಾ? ಬೆರಳು ನಡುಗುತ್ತಿದೆಯಾ? ಸಹಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆಯಾ? ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಒದೆಯುವುದು ಇದೆಯಾ? ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಹೋಗಿರಬಹುದು. ಆಲ್ಝೈಮರ್‌ನಲ್ಲೂ ಕಡಿಮೆಯಾಗುತ್ತದೆ. ಹಾಗಂತ ವಾಸನೆ ಹೋದ ಅಜ್ಜನಿಗೆಲ್ಲ ಪಾರ್ಕಿನ್ಸನ್ ಅಂತ ಹೆದರಿಸಬೇಡಿ. ವಯಸ್ಸಿಗೇ ವಾಸನೆ ಕಡಿಮೆಯಾಗುವುದು ತುಂಬಾ ಸಾಮಾನ್ಯ. ತಲೆನೋವು, ದೃಷ್ಟಿ ಮಂಜು, ಸ್ವಭಾವದಲ್ಲಿ ಬದಲಾವಣೆ ಇದ್ದರೆ ಕಣ್ಣಿನ ಹಿಂಭಾಗ ನೋಡಿಸಿ.

ರಕ್ತ ಪರೀಕ್ಷೆಗಳ ಉದ್ದ ಪಟ್ಟಿ ಬೇಕಿಲ್ಲ. ಲಕ್ಷಣ ಇದ್ದರೆ ಸಕ್ಕರೆ, ಥೈರಾಯ್ಡ್ ನೋಡಿದರೆ ಸಾಕು. ಸೈನಸ್, ದುರ್ಮಾಂಸದ ಅನುಮಾನಕ್ಕೆ ಸಿಟಿ, ಮಿದುಳಿನ ಅನುಮಾನಕ್ಕೆ ಎಂಆರ್‌ಐ. ಸೈನಸ್‌ಗೆ ಬರೀ ಎಕ್ಸ್‌ರೇ ತೆಗೆಸಿ ದುಡ್ಡು ಹಾಳು ಮಾಡಿಸಬೇಡಿ. ನಮ್ಮ ಕಡೆಯಿಂದ ಕಿವಿ ಮೂಗು ಗಂಟಲು ತಜ್ಞರಿಗೆ ಅಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಇಲ್ಲ ಘಾಟಿ ಇಳಿದು ಮಣಿಪಾಲ. ಕಳಿಸುವಾಗ “ವಾಸನೆ ಇಲ್ಲ” ಅಂತ ಒಂದು ಸಾಲು ಗೀಚಬೇಡಿ. ಎಡ, ಬಲ ಎಷ್ಟೆಷ್ಟು, ಯಾವಾಗಿಂದ, ಬಂದು ಹೋಗುತ್ತದಾ, ಪೆಟ್ಟು, ದಮ್ಮು, ನೋವಿನ ಮಾತ್ರೆ, ಇಷ್ಟು ಬರೆಯಿರಿ.

ಮನೆಗೆ ಕಳಿಸುವ ಮುಂಚೆ

ಗ್ಯಾಸ್ ವಿಷಯ ಹೇಳದೆ ಯಾರನ್ನೂ ಕಳಿಸಬೇಡಿ. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ನಾರುವ ಮರ್ಕಾಪ್ಟನ್ ಬೆರೆಸಿರುತ್ತಾರೆ. ಮೂಗಿಲ್ಲದವರಿಗೆ ಅದು ಇದ್ದೂ ಇಲ್ಲ. ರಾತ್ರಿ ರೆಗ್ಯುಲೇಟರ್ ಆಫ್ ಮಾಡುವುದು, ಒಂಟಿಯಾಗಿರುವವರು ಗ್ಯಾಸ್ ಅಲಾರಂ ಹಾಕಿಸಿಕೊಳ್ಳುವುದು, ಸೋರಿಕೆಗೆ 1906ಕ್ಕೆ ಫೋನ್ ಮಾಡುವುದು. ಹಳಸಿದ ಸಾಂಬಾರನ್ನು ಮೂಸಿ ನಂಬುವ ಹಾಗಿಲ್ಲ, ಡಬ್ಬದ ಮೇಲೆ ದಿನ ಬರೆದಿಡಲಿ. ರುಚಿ ಸಿಗಲಿಲ್ಲ ಅಂತ ಉಪ್ಪು ಜಾಸ್ತಿ ಹಾಕಿಕೊಳ್ಳುತ್ತಾರೆ, ಬಿಪಿ ಇರುವವರನ್ನು ಅದರ ಬಗ್ಗೆಯೂ ಕೇಳಿ.

ವೈರಸ್‌ನಿಂದ ವಾಸನೆ ಹೋದವರಿಗೆ ವಾಸನೆಯ ತರಬೇತಿ ಇದೆ. 2009ರಲ್ಲಿ ಜರ್ಮನಿಯಲ್ಲಿ ಮಾಡಿ ನೋಡಿದ್ದು ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರಿಂದ, 12 ವಾರ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಹತ್ತು, ಹದಿನೈದು ಸೆಕೆಂಡು ಮೆಲ್ಲಗೆ ಮೂಸುತ್ತಾ, ಅದರ ನೆನಪು ತಂದುಕೊಳ್ಳಬೇಕು. (ತರಬೇತಿಗೆ ನೀಲಗಿರಿ ನಡೆಯುತ್ತದೆ, ಪರೀಕ್ಷೆಗಷ್ಟೇ ಬೇಡ.) ಖರ್ಚಿಲ್ಲ, ಅಪಾಯವಿಲ್ಲ, ಆದರೆ ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ. ದೇವರ ಪೂಜೆಯ ಹೊತ್ತಿಗೆ ಜೋಡಿಸಿ ಕೊಟ್ಟರೆ ತಪ್ಪಿಸುವುದಿಲ್ಲ. ವಾಸನೆಯ ನರಕೋಶಗಳು ಮತ್ತೆ ಹುಟ್ಟುವಂಥವು, ಹಾಗಾಗಿ ತಿಂಗಳುಗಟ್ಟಲೆ ಕಾಯಬಹುದು. ಪೆಟ್ಟಿನಿಂದ ಹೋದದ್ದು ವಾಪಸ್ ಬರುವುದು ಕಡಿಮೆ. ಅದನ್ನು ಮುಚ್ಚಿಡದೆ ಹೇಳುವುದೇ ಒಳ್ಳೆಯದು.

ಅಮ್ಮನಿಗೆ ಶಿವಮೊಗ್ಗದಲ್ಲಿ ಎಂಡೋಸ್ಕೋಪ್ ಹಾಕಿ ನೋಡಿದಾಗ ಎರಡೂ ಕಡೆ ಮೇಲಿನ ಸಂದಿಯಲ್ಲಿ ದುರ್ಮಾಂಸ ಸಿಕ್ಕಿತು. ಸ್ಪ್ರೇ ಕೊಟ್ಟರು. ಅದನ್ನು ಮೂಗಿನ ನಡುಗೋಡೆಗೆ ಅಲ್ಲ, ಕಣ್ಣಿನ ಕಡೆಗೆ ಓರೆಯಾಗಿ ಹಿಡಿದು ಹೊಡೆಯಬೇಕು ಅಂತ ನಾನು ಸೊಸೆಗೆ ತೋರಿಸಿಕೊಟ್ಟೆ. ಮೂರು ತಿಂಗಳ ಮೇಲೆ ಅದೇ ಡಬ್ಬಿ, ಅದೇ ಕ್ರಮ. ಬಲಕ್ಕೆ 6, ಎಡಕ್ಕೆ 4. ಶ್ರೀಗಂಧ ಎರಡೂ ಕಡೆ ತಪ್ಪು, ಜೀರಿಗೆಗೆ ಸೋಂಪು ಅಂದರು. ಹಿಂಗು ಮಾತ್ರ ಮುಚ್ಚಳ ತೆಗೆಯುವ ಮೊದಲೇ ಹೇಳಿದರು. ದುರ್ಮಾಂಸ ಮತ್ತೆ ಬೆಳೆಯುವ ಸ್ವಭಾವದ್ದು, ಸ್ಪ್ರೇ ನಿಲ್ಲಿಸಬೇಡಿ ಅಂದೆ. ಕಾರ್ಡಿನಲ್ಲಿ ಎರಡೂ ಅಂಕ ಬರೆದು, ಕೆಳಗೆ “ಮಳೆಗಾಲ ಮುಗಿದ ಮೇಲೆ ಮತ್ತೆ” ಅಂತ ಗುರುತು ಹಾಕಿ ಕೊಟ್ಟಿದ್ದೇನೆ.